ಮುಚ್ಚಿಡಬೇಕಿಲ್ಲದ ಸಂಬಂಧ

ಸಲಹೆ ಕೇಳಲು ನನ್ನ ಹತ್ತಿರ ಬಂದವರು ಸಾಗರ ತಾಲ್ಲೂಕಿನ ಕಡೆಯ ಹುಡುಗಿ, ಜೊತೆಗೆ ಅಪ್ಪನ ತಾಯಿ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಅಪ್ಪನಿಗೂ ಅಣ್ಣನಿಗೂ ಹಂದಿಗೋಡು ಕಾಯಿಲೆ, ಮೂಳೆ-ಕೀಲು ಕೆಡುವ ರೋಗ. ಹುಡುಗಿಗೆ ಸದ್ಯ ಯಾವ ನೋವೂ ಇಲ್ಲ. ಸೋದರತ್ತೆ ಮಗನ ಸಂಬಂಧ ಬಂದಿದೆ. "ಅವರಿಗೆ ಎಲ್ಲಾ ಗೊತ್ತು ಮೇಡಂ, ಮುಚ್ಚಿಡೋದೇನಿಲ್ಲ. ಆದ್ರೆ ಮಕ್ಕಳಿಗೆ ಬಂದ್ರೆ?"

ಅಜ್ಜಿಯ ಸಂಕಟವೇ ಬೇರೆ. "ಗದ್ದೆ ಏಡಿ ಸಾರು ಮಾಡಿ ಹಾಕಿದ್ದು ನಾನೇ." 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡು ಹಳ್ಳಿಯಲ್ಲಿ ಕಾಯಿಲೆ ಬೆಳಕಿಗೆ ಬಂದಾಗ, ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಮೈಸೇರಿತು ಎಂಬ ಅನುಮಾನ ಜೋರಾಗಿತ್ತು. ಆಮೇಲೆ ಮನೆಮನೆಯ ವಂಶಾವಳಿ ಬರೆದು, ಎಕ್ಸ್‌ರೇ ತೆಗೆದು ನೋಡಿದಾಗ ಇದು ವಂಶದಲ್ಲಿ ಹರಿದುಬರುವ ಮೂಳೆದೋಷ ಎಂದು ಗೊತ್ತಾಯಿತು. ಸೊಂಟದ ಕೀಲು, ಬೆನ್ನುಮೂಳೆ ಕೆಡುತ್ತವೆ. ಕೆಲವರು ಗಿಡ್ಡಗೇ ಉಳಿಯುತ್ತಾರೆ. ಪಾವಗಡದ ಕಡೆ ಫ್ಲೋರೈಡ್ ನೀರಿನಿಂದ ಮೂಳೆ ಕೆಡುತ್ತದಲ್ವಾ, ಅಲ್ಲಿ ನೀರು ಬದಲಿಸಿದರೆ ಮುಂದಿನ ಮಕ್ಕಳು ಪಾರು. ಇಲ್ಲಿ ಅಡುಗೆ ಬದಲಿಸಿ ಪ್ರಯೋಜನವಿಲ್ಲ. "ನಿಮ್ಮ ಸಾರಿನಿಂದ ಬಂದಿದ್ದಲ್ಲ ಅಜ್ಜಿ" ಅಂದೆ. ನಂಬಿದರೋ ಇಲ್ಲವೋ, ಸುಮ್ಮನಾದರು.

ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅಣ್ಣನಿಗೆ ಬಂದಿದೆ, ಹಾಗಾಗಿ ತಂಗಿ ಪಾರು ಅನ್ನುವಂತಿಲ್ಲ. ಆ ದೋಷ ಆಕೆಗೆ ಬಂದೇ ಇಲ್ಲ ಅಂದರೆ ಆಕೆಯಿಂದ ಮಕ್ಕಳಿಗೂ ಹೋಗುವುದಿಲ್ಲ.

ಕಾಗದದ ಮೇಲೆ ವಂಶಾವಳಿ ಬರೆಯುತ್ತಿದ್ದಾಗ ಗೊತ್ತಾಯಿತು, ಸೋದರತ್ತೆಯೂ ಕುಂಟುತ್ತಾರೆ. ಅದೂ ಇದೇ ಕಾಯಿಲೆಯಾದರೆ ಹುಡುಗನ ಲೆಕ್ಕವೂ ಅರ್ಧಕ್ಕರ್ಧವೇ. ಇಬ್ಬರಲ್ಲೂ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಮೂರು. ಮುಚ್ಚಿಡಬೇಕಿಲ್ಲ ಅನ್ನುವ ನೆಮ್ಮದಿಯೇ ಇಲ್ಲಿ ಅಪಾಯ ತರುತ್ತಿತ್ತು. ಹೊರಗಿನವರು ಹೆಣ್ಣು ಕೊಡುವುದಿಲ್ಲ, ತರುವುದೂ ಇಲ್ಲ. ಹಾಗಾಗಿ ಕಾಯಿಲೆಯ ಮನೆಗಳೇ ಬೀಗರಾಗುತ್ತವೆ. ಅದಕ್ಕೆ ಅವರನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ.

ನಾನು ಹೇಳಿದ್ದು ಇಷ್ಟು. ಮಾತು ಮುಂದೆ ಹೋಗುವ ಮೊದಲು ಇಬ್ಬರೂ ಸೊಂಟ, ಬೆನ್ನಿನ ಎಕ್ಸ್‌ರೇ ತೆಗೆಸಿ ಮೂಳೆ ಡಾಕ್ಟರಿಗೆ ತೋರಿಸಿ. ನೋವಿಲ್ಲ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲ್ಲ. ಎಕ್ಸ್‌ರೇ ಚೆನ್ನಾಗಿದ್ದರೆ ಧೈರ್ಯ ಜಾಸ್ತಿ, ಆದರೆ ಗ್ಯಾರಂಟಿ ಕೊಡಲಾರೆ. ನೋಡಿದ ಮೇಲೆ ಬೇಡ ಅನ್ನುವುದೂ ಹೂಂ ಅನ್ನುವುದೂ ನಿಮಗೆ ಬಿಟ್ಟಿದ್ದು, ಅಜ್ಜಿಗಲ್ಲ. ಹೊರಗಿನ ಸಂಬಂಧವಾದರೆ ನಿಶ್ಚಿತಾರ್ಥಕ್ಕೆ ಮೊದಲೇ ಹೇಳಿಬಿಡಿ.

ಅಪ್ಪನಿಗೆ ಅಂಗವಿಕಲರ ಕಾರ್ಡೂ ಆಗಿಲ್ಲವಂತೆ. ಅದಕ್ಕೆ ಅರ್ಜಿ ಹಾಕಲು ಹೇಳಿದೆ. ಅಣ್ಣನಿಗೆ ಸೊಂಟದ ಕೀಲು ಬದಲಿಸಬಹುದಾ ಎಂದು ಕೇಳಲು ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಹುಡುಗ ಎಕ್ಸ್‌ರೇಗೆ ಒಪ್ಪಿದ್ದಾನೆ. ಅವನ ಅಮ್ಮ ಇನ್ನೂ ಒಪ್ಪಿಲ್ಲ.