ಆದಾಯ ತೆರಿಗೆ ಕಟ್ಟದವರು ತೆರಿಗೆಯನ್ನೇ ಕಟ್ಟುತ್ತಿಲ್ಲವೇ?

ಪ್ರಶ್ನೆ: ನಾನು ಹಾವೇರಿಯ ಖಾಸಗಿ ಶಾಲೆಯೊಂದರ ಶಿಕ್ಷಕಿ, ಸಂಬಳ ತಿಂಗಳಿಗೆ 15,000 ರೂಪಾಯಿ. ‘ನಿಮ್ಮಂಥವರು ತೆರಿಗೆ ಕಟ್ಟುವುದೇ ಇಲ್ಲ’ ಎಂದು ಬಂಧುಗಳೊಬ್ಬರು ಹೇಳುತ್ತಿರುತ್ತಾರೆ. ಇದು ನಿಜವೇ? ತೆರಿಗೆಯಿಂದ ಬಡವ ಬಲ್ಲಿದರ ನಡುವಿನ ಅಂತರ ಕಡಿಮೆಯಾಗುತ್ತದೆಯೇ?

ಉತ್ತರ: ನಿಜವಲ್ಲ. ನೀವು ಕಟ್ಟದಿರುವುದು ಆದಾಯ ತೆರಿಗೆಯನ್ನು ಮಾತ್ರ. ಬಟ್ಟೆ, ಚಪ್ಪಲಿ, ಮೊಬೈಲ್ ರೀಚಾರ್ಜ್‌ಗಳಿಗೆ ನೀವು ಕೊಡುವ ಹಣದಲ್ಲಿ ಜಿಎಸ್‌ಟಿ ಸೇರಿಯೇ ಇರುತ್ತದೆ. ಡೀಸೆಲ್ ಮೇಲೆ ಕೇಂದ್ರ ವಿಧಿಸುವ ಅಬಕಾರಿ ಸುಂಕ ಮತ್ತು ರಾಜ್ಯ ವಿಧಿಸುವ ಮಾರಾಟ ತೆರಿಗೆಗಳು ಸಾಗಣೆ ವೆಚ್ಚದ ಮೂಲಕ ನಿಮ್ಮ ತರಕಾರಿ ಚೀಲವನ್ನೂ ತಲುಪುತ್ತವೆ.

ಇಂಥ ಪರೋಕ್ಷ ತೆರಿಗೆಯ ಭಾರ ಯಾರ ಮೇಲೆ ಹೆಚ್ಚು ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ. ನೀವು 14,000 ರೂಪಾಯಿ ಖರ್ಚು ಮಾಡಿ, ಅದರಲ್ಲಿ 900 ರೂಪಾಯಿ ತೆರಿಗೆಗೆ ಹೋದರೆ ಅದು ನಿಮ್ಮ ಆದಾಯದ ಶೇ 6. ತಿಂಗಳಿಗೆ 5 ಲಕ್ಷ ರೂಪಾಯಿ ಗಳಿಸುವವರು 1.5 ಲಕ್ಷ ಖರ್ಚು ಮಾಡಿ, ದುಬಾರಿ ವಸ್ತುಗಳನ್ನೇ ಕೊಂಡು 15,000 ರೂಪಾಯಿ ತೆರಿಗೆ ತೆತ್ತರೂ ಅದು ಅವರ ಆದಾಯದ ಶೇ 3 ಮಾತ್ರ, ಏಕೆಂದರೆ ಉಳಿತಾಯಕ್ಕೆ ಈ ತೆರಿಗೆ ತಟ್ಟುವುದಿಲ್ಲ. ಬಿಡಿ ಅಕ್ಕಿ, ತಾಜಾ ತರಕಾರಿಗಳಿಗೆ ಜಿಎಸ್‌ಟಿ ಇಲ್ಲದಿರುವುದೂ, 2025ರ ಸೆಪ್ಟೆಂಬರ್‌ನಲ್ಲಿ ಸಾಬೂನು, ಟೂತ್‌ಪೇಸ್ಟ್‌ಗಳ ದರ ಶೇ 18ರಿಂದ 5ಕ್ಕೆ ಇಳಿದಿರುವುದೂ ಈ ಭಾರವನ್ನು ತಗ್ಗಿಸುತ್ತವೆ ಎಂಬುದನ್ನು ಒಪ್ಪಬೇಕು.

ಅಂತರವನ್ನು ನೇರವಾಗಿ ಕುಗ್ಗಿಸಬಲ್ಲದ್ದು ಆದಾಯ ಮತ್ತು ಆಸ್ತಿಯ ಮೇಲಿನ ತೆರಿಗೆ. ಆದರೆ ಭಾರತದಂಥ ದೇಶದಲ್ಲಿ ಬಹುಪಾಲು ದುಡಿಮೆ ಸಂಬಳದ ಚೀಟಿಯಿಲ್ಲದೆ ನಡೆಯುವುದರಿಂದ, ಸರ್ಕಾರಕ್ಕೆ ಆದಾಯವನ್ನು ಅಳೆಯುವುದಕ್ಕಿಂತ ಅಂಗಡಿಯಲ್ಲಿ ತೆರಿಗೆ ಹಿಡಿಯುವುದು ಸುಲಭ. ಆಸ್ತಿಯ ವಿಷಯದಲ್ಲಂತೂ ನಾವು ಹಿಂದಕ್ಕೇ ನಡೆದಿದ್ದೇವೆ. 1953ರಲ್ಲಿ ಬಂದ ಎಸ್ಟೇಟ್ ಸುಂಕ, ಅಂದರೆ ವಾರಸುದಾರರಿಗೆ ಸೇರುವ ಆಸ್ತಿಯ ಮೇಲಿನ ತೆರಿಗೆ, 1985ರಲ್ಲಿ ರದ್ದಾಯಿತು. 1957ರ ಸಂಪತ್ತು ತೆರಿಗೆಯನ್ನು 2015ರ ಬಜೆಟ್ ಕೈಬಿಟ್ಟಿತು. 2013–14ರಲ್ಲಿ ಅದರಿಂದ ಬಂದದ್ದು ಕೇವಲ 1,008 ಕೋಟಿ ರೂಪಾಯಿ ಎಂಬುದು ಆಗ ಕೊಟ್ಟ ಕಾರಣಗಳಲ್ಲೊಂದು. ನನಗೆ ಆ ವಾದ ಒಪ್ಪಿಗೆಯಾಗಿಲ್ಲ. ಸಿರಿವಂತರ ಸಂಪತ್ತಿನ ದೊಡ್ಡ ಪಾಲಾದ ಷೇರುಗಳನ್ನು 1990ರ ದಶಕದಲ್ಲೇ ಆ ತೆರಿಗೆಯಿಂದ ಹೊರಗಿಟ್ಟ ಮೇಲೆ ವಸೂಲಿ ಹೆಚ್ಚುವುದಾದರೂ ಹೇಗೆ?

ಇನ್ನುಳಿದದ್ದು ಖರ್ಚಿನ ಪ್ರಶ್ನೆ. ನೀವು ತೆತ್ತ 900 ರೂಪಾಯಿ ಪಡಿತರವಾಗಿ, ಸರ್ಕಾರಿ ಆಸ್ಪತ್ರೆಯ ಔಷಧಿಯಾಗಿ ನಿಮ್ಮಂಥ ಕುಟುಂಬಗಳಿಗೆ ಮರಳಿದರೆ ಪರೋಕ್ಷ ತೆರಿಗೆಯ ಏರುಪೇರು ಬಹುಮಟ್ಟಿಗೆ ಸರಿಹೋಗುತ್ತದೆ. ಮರಳದಿದ್ದರೆ ಆ ಭಾರ ನಿಮ್ಮ ಮೇಲೆಯೇ ಉಳಿಯುತ್ತದೆ.