ಹನಿ ನೀರಾವರಿ ಬಂದರೂ ಅಂತರ್ಜಲ ಇಳಿಯುವುದೇಕೆ?

ಪ್ರಶ್ನೆ: ಹನಿ ನೀರಾವರಿ, ಸ್ಪ್ರಿಂಕ್ಲರ್‌ಗೆ ಸಬ್ಸಿಡಿ ಕೊಟ್ಟರೆ ರೈತರು ಕಡಿಮೆ ನೀರು ಎತ್ತಬೇಕು ಅಲ್ವಾ? ಆದರೂ ಅಂತರ್ಜಲ ಕುಸಿಯುತ್ತಲೇ ಇದೆ. ಇದಕ್ಕೂ ಬೆಳೆ ಬದಲಾವಣೆಗೂ ಸಂಬಂಧ ಇದೆಯಾ?

ಉತ್ತರ: ಇದೆ. ಅಮೆರಿಕದ ಕಾನ್ಸಾಸ್ ರಾಜ್ಯವನ್ನೇ ನೋಡಿ. ಅಲ್ಲಿನ ಪಶ್ಚಿಮ ಭಾಗದ ಬೇಸಾಯ ನಿಂತಿರುವುದು ಒಗಲಾಲ ಎಂಬ ಭಾರಿ ಅಂತರ್ಜಲದ ಮೇಲೆ. ನೀರು ಗಾಳಿಗೆ ಹಾರದಂತೆ ಬೆಳೆಯ ಹತ್ತಿರವೇ ಬಿಡುವ ಹೊಸ ನಾಜಲ್‌ಗಳಿಗೆ ಸರ್ಕಾರ ಹಣ ಕೊಟ್ಟಿತು. ಲಿಸಾ ಫೈಫರ್ ಮತ್ತು ಸಿಂಥಿಯಾ ಲಿನ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀರೆತ್ತುವುದು ಜಾಸ್ತಿಯಾಗಿತ್ತು!

ರೈತರದ್ದು ಇದರಲ್ಲಿ ತಪ್ಪೇನಿಲ್ಲ. ಅದೇ ಪಂಪಿನ ನೀರು ಬೆಳೆಗೆ ಹೆಚ್ಚು ತಲುಪಿದರೆ, ನೀರು ಬೇಡುವ ಆದರೆ ದುಡ್ಡು ತರುವ ಬೆಳೆ ಕೈಗೆಟುಕುತ್ತದೆ. ಬೀಳು ಬಿಡುತ್ತಿದ್ದ ಜಾಗಕ್ಕೂ ಬೀಜ ಬೀಳುತ್ತದೆ. ಉಳಿದ ನೀರನ್ನು ಯಾರಾದರೂ ಸುಮ್ನೆ ನೆಲದಲ್ಲಿ ಬಿಡುತ್ತಾರಾ?

ಇನ್ನೊಂದು ಲೆಕ್ಕ ಬಹಳ ಜನ ಮರೆಯುತ್ತಾರೆ. ಹಾಯಿಸಿದ ನೀರಿನಲ್ಲಿ ಒಂದು ಪಾಲು ಬೇರು ದಾಟಿ ಕೆಳಗೆ ಇಂಗುತ್ತದೆ. ಹೊಲದಲ್ಲಿ ನಿಂತವರಿಗೆ ಅದು ಪೋಲು. ಪಕ್ಕದವರ ಬಾವಿಗೆ ಅದೇ ಒರತೆ. ಹನಿ ನೀರಾವರಿ ಈ ಇಂಗುವಿಕೆಯನ್ನೂ ಕಡಿಮೆ ಮಾಡುತ್ತದೆ. ನೆಲದಿಂದ ಆವಿಯಾಗುವುದು ತಪ್ಪಿದರೆ ಅದು ನಿಜವಾದ ಉಳಿತಾಯ. ಇಂಗುವ ನೀರು ಉಪ್ಪುನೀರಿಗೆ ಸೇರುವ ಕಡೆಯೂ ಅಷ್ಟೇ. ಬಾಕಿ ಕಡೆ ಕಾಗದದ ಮೇಲಿನ ಉಳಿತಾಯವೇ ಜಾಸ್ತಿ.

ಹಾಗಾದರೆ ಏನು ಕೆಲಸ ಮಾಡುತ್ತದೆ? ಎತ್ತುವ ನೀರಿಗೇ ಮಿತಿ. ಅದೇ ಕಾನ್ಸಾಸ್‌ನ ಶೆರಿಡನ್ ಪ್ರದೇಶದ ರೈತರು 2013ರಿಂದ ತಾವೇ ಒಪ್ಪಿ ಒಂದು ಮಿತಿ ಹಾಕಿಕೊಂಡರು: ಐದು ವರ್ಷಕ್ಕೆ ಒಟ್ಟು 55 ಇಂಚು ನೀರು (ಹೊಲದ ಮೇಲೆ ನಿಲ್ಲಿಸಿದರೆ ಆಗುವ ಎತ್ತರದ ಲೆಕ್ಕ). ಗುರಿ ಸುಮಾರು ಶೇ 20ರಷ್ಟು ಕಡಿತ. ಉಳಿಸಿದ್ದು ಅದಕ್ಕಿಂತ ಹೆಚ್ಚು. ವರ್ಷಕ್ಕಿಷ್ಟು ಎಂದು ಕಟ್ಟಿಹಾಕದೆ ಐದು ವರ್ಷಕ್ಕೆ ಹಂಚಿಕೊಳ್ಳಲು ಬಿಟ್ಟಿದ್ದು ಜಾಣತನ ಎಂದು ನನಗನಿಸುತ್ತದೆ. ಮಳೆ ಕೈಕೊಟ್ಟ ವರ್ಷ ತುಸು ಹೆಚ್ಚು ಎತ್ತಿ, ಒಳ್ಳೆಯ ವರ್ಷ ಸರಿದೂಗಿಸಬಹುದು. ಸ್ವಲ್ಪ ಮೆಕ್ಕೆಜೋಳದ ಜಾಗಕ್ಕೆ ಜೋಳ, ಗೋಧಿ ಬಂತು. ಆದರೆ ಉಳಿತಾಯದ ದೊಡ್ಡ ಪಾಲು ಬಂದದ್ದು ಅದೇ ಬೆಳೆಗೆ ಅಳೆದು ನೀರು ಕೊಟ್ಟಿದ್ದರಿಂದ.

ಪಂಜಾಬ್ ಬೇರೆ ದಾರಿ ಹಿಡಿಯಿತು. 2009ರ ಕಾಯ್ದೆ ಜೂನ್ 10ಕ್ಕೆ ಮುಂಚೆ ಭತ್ತದ ನಾಟಿ ಮಾಡಬಾರದು ಎಂದಿತು. ಸುಡುಬಿಸಿಲಲ್ಲಿ ನೀರು ಆವಿಯಾಗುವುದು ತಪ್ಪಲಿ ಎಂಬ ಉದ್ದೇಶ. ಆದರೆ ನಾಟಿ ತಡವಾದರೆ ಕಟಾವೂ ತಡ. ಗೋಧಿ ಬಿತ್ತನೆಗೆ ಸಿಗುವ ದಿನಗಳು ಕಡಿಮೆಯಾಗಿ, ಕೂಳೆಗೆ ಬೆಂಕಿ ಹಚ್ಚುವ ಅವಸರ ಹೆಚ್ಚಿತು. ಪಂಪಿಗೆ ಉಚಿತ ಕರೆಂಟ್, ಭತ್ತಕ್ಕೆ ಖಾತ್ರಿ ಖರೀದಿ ಎರಡೂ ಹಾಗೇ ಇದ್ದವು. ಇವೆರಡೂ ಇರುವಾಗ ರೈತ ಭತ್ತವನ್ನು ಯಾಕೆ ಬಿಡುತ್ತಾನೆ?