ಪಂಜರ ಸುಮ್ಮನಾಗಿತ್ತು, ಜಗಳ ನಿಂತಿರಲಿಲ್ಲ

ಪ್ರಾಣಿ ಸಾಕುವವರಿಗೆ ಸಲಹೆ ಕೊಡುವುದು ನನ್ನ ಕೆಲಸ. ಈ ಮನೆಯವರ ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ, ಪ್ರಾಣಿಗಳ ಹೆಸರನ್ನೂ ಬದಲಿಸಿದ್ದೇನೆ.

ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಅವರ ಹತ್ತಿರ ಎರಡು ಹೆಣ್ಣು ಚಿಂಚಿಲ್ಲಾ (ದಟ್ಟ ಮೃದು ಕೂದಲಿನ, ಇಲಿ ಅಳಿಲುಗಳ ಬಳಗದ ಸಣ್ಣ ಸಾಕುಪ್ರಾಣಿ), ಹೆಸರು ಬೂದಿ ಮತ್ತು ಬೆಳ್ಳಿ. ಒಟ್ಟಿಗೆ ಹುಟ್ಟಿ, ಒಂದೇ ಪಂಜರದಲ್ಲಿ ಒಂದಕ್ಕೊಂದು ಒರಗಿ ಮಲಗಿ ಬೆಳೆದವು. ಹಲ್ಲಿನ ತೊಂದರೆ ಅಂತ ಬೆಳ್ಳಿಯನ್ನು ಪಶುವೈದ್ಯರ ಹತ್ತಿರ ಎರಡು ದಿನ ಇರಿಸಿ ಮನೆಗೆ ತಂದ ಸಂಜೆಯೇ ಎಲ್ಲ ಕೆಟ್ಟಿತು. ಬೂದಿ ಹಿಂಗಾಲಿನ ಮೇಲೆ ಎದ್ದು ನಿಂತು ಬೆಳ್ಳಿಯ ಮೇಲೆ ಮೂತ್ರ ಚಿಮ್ಮಿಸಿತು. ಹಲ್ಲು ಕಟಕಟ ಅನ್ನಿಸುತ್ತಾ ಅಟ್ಟಿಸಿಕೊಂಡು ಹೋಯಿತು. ಬೆಳಗ್ಗೆ ನೋಡಿದರೆ ಪಂಜರದ ತಳದಲ್ಲಿ ಕೂದಲಿನ ಗೊಂಚಲುಗಳು.

"ಬೂದಿ ಇಷ್ಟು ಕೆಟ್ಟದ್ದು ಅಂತ ಗೊತ್ತಿರಲಿಲ್ಲ ಮೇಡಂ" ಎಂದು ಆಕೆ ಅತ್ತರು. ಆತ ಸಮಾಧಾನವಾಗಿದ್ದರು. "ಅದು ಮೊದಲೆರಡು ದಿನ ಅಷ್ಟೇ. ಈಗ ಒಂದು ವಾರದಿಂದ ಸದ್ದೇ ಇಲ್ಲ. ಅವೇ ಸರಿ ಮಾಡಿಕೊಂಡಿವೆ."

ನನಗೆ ಆ ಮಾತೇ ಜಾಸ್ತಿ ಚಿಂತೆ ತಂದಿತು. ಬೆಳ್ಳಿ ಎಲ್ಲಿ ಮಲಗುತ್ತದೆ ಎಂದು ಕೇಳಿದೆ. ಮೇಲಿನ ಹಲಗೆಯ ಮೇಲೆ. ಯಾವಾಗ ಹುಲ್ಲು ತಿನ್ನುತ್ತದೆ? ಇಬ್ಬರಿಗೂ ಗೊತ್ತಿರಲಿಲ್ಲ. ಚಿಂಚಿಲ್ಲಾಗಳು ಓಡಾಡುವುದು ಸಂಜೆಯಿಂದ ಬೆಳಗಿನ ಜಾವದವರೆಗೆ. ನಾವು ಮಲಗಿದ ಮೇಲೆ ಅವುಗಳ ದಿನ. ಹಾಗಾಗಿ ರಾತ್ರಿ ಮೊಬೈಲಿನಲ್ಲಿ ವೀಡಿಯೊ ತೆಗೆಯಲು, ಅಡುಗೆಮನೆಯ ತಕ್ಕಡಿಯಲ್ಲಿ ಎರಡನ್ನೂ ತೂಗಲು ಹೇಳಿದೆ.

ವೀಡಿಯೊದಲ್ಲಿ ಕಚ್ಚಾಟವೇ ಇರಲಿಲ್ಲ. ಬೆಳ್ಳಿ ಮೆಲ್ಲಗೆ ಒಂದು ಹಲಗೆ ಇಳಿಯುತ್ತದೆ. ಕೆಳಗೆ ಬೂದಿ ಹುಲ್ಲಿನ ಪಕ್ಕ ಕೂತಿದೆ. ಸುಮ್ನೆ ತಲೆ ತಿರುಗಿಸಿ ನೋಡುತ್ತದೆ, ಅಷ್ಟೇ. ಬೆಳ್ಳಿ ಅಲ್ಲೇ ನಿಂತು, ಮತ್ತೆ ಮೇಲೆ ಹತ್ತುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಮತ್ತೆ. ಪಶುವೈದ್ಯರು ಬರೆದುಕೊಟ್ಟಿದ್ದ ತೂಕ 560 ಗ್ರಾಂ, ಈಗ 505. ಇಷ್ಟು ಚಿಕ್ಕ ಪ್ರಾಣಿ ತೂಕದ ಹತ್ತನೇ ಒಂದು ಪಾಲು ಕಳೆದುಕೊಳ್ಳುವುದು ಸಣ್ಣ ವಿಷಯವಲ್ಲ.

ಬೂದಿ ಕೆಟ್ಟದ್ದಲ್ಲ ಎಂದು ಆಕೆಗೆ ಬಿಡಿಸಿ ಹೇಳಿದೆ. ಇವು ಮುಖಕ್ಕಿಂತ ವಾಸನೆಯಿಂದ ಗುರುತು ಹಿಡಿಯುತ್ತವೆ. ಆಸ್ಪತ್ರೆ, ಔಷಧಿ, ಬೇರೆ ಪ್ರಾಣಿಗಳ ವಾಸನೆ ಹೊತ್ತು ಬಂದ ಬೆಳ್ಳಿ ಅದಕ್ಕೆ ಹೊಸಬಳೇ. ಹೆಣ್ಣು ಚಿಂಚಿಲ್ಲಾಗಳು ಜಾಗದ ಬಗ್ಗೆ ಬಹಳ ಗಟ್ಟಿ, ಮೂತ್ರ ಚಿಮ್ಮಿಸುವುದು "ದೂರ ಹೋಗು" ಎನ್ನುವುದಕ್ಕೆ. ಮೊದಲು ಬಾಯಲ್ಲೇ ಎಚ್ಚರಿಸಿ, ಮೈಮೇಲೆ ಹತ್ತಿ ತೋರಿಸಿ, ಸ್ವಲ್ಪ ಓಡಿಸಿ ಮುಗಿಸುವ ಜಗಳಗಳೂ ಇವೆ, ಅವನ್ನು ನಾವು ತಡೆಯಬೇಕಿಲ್ಲ. ಕೂದಲು ಉದುರಿದರೆ ಮಾತು ಬೇರೆ. ಚಿಂಚಿಲ್ಲಾದ ಒಂದೊಂದು ಕೂದಲ ಬುಡದಿಂದ 50ಕ್ಕೂ ಹೆಚ್ಚು ಎಳೆ ಬರುತ್ತವೆ. ಯಾರಾದರೂ ಹಿಡಿದರೆ ಆ ಗೊಂಚಲನ್ನೇ ಬಿಟ್ಟುಕೊಟ್ಟು ತಪ್ಪಿಸಿಕೊಳ್ಳುತ್ತದೆ. ಅಂದರೆ ಆ ರಾತ್ರಿ ಬೆಳ್ಳಿ ತಪ್ಪಿಸಿಕೊಂಡು ಬದುಕಿದೆ.

ಪಂಜರದ ಫೋಟೋ ನೋಡಿದಾಗ ಇನ್ನೊಂದು ಕಂಡಿತು. ಅಡಗಿಕೊಳ್ಳಲು ಇದ್ದದ್ದು ಒಂದೇ ಮರದ ಪೆಟ್ಟಿಗೆ, ಅದಕ್ಕೂ ಒಂದೇ ಬಾಗಿಲು. ಒಳಗೆ ಹೊಕ್ಕ ಮೇಲೆ ಇನ್ನೊಂದು ಬಾಗಿಲಲ್ಲಿ ನಿಂತರೆ ಹೊರಗೆ ಬರಲು ದಾರಿಯಿಲ್ಲ. ಹುಲ್ಲಿನ ಬುಟ್ಟಿ ಒಂದು, ನೀರಿನ ಬಾಟಲಿ ಒಂದು, ಎರಡೂ ಬೂದಿ ಕೂರುವ ಮೂಲೆಯಲ್ಲಿ.

ಅವತ್ತೇ ಬೇರೆ ಮಾಡಿ ಎಂದೆ. ಕಚ್ಚಾಡುತ್ತಿದ್ದರೆ ನಡುವೆ ಕೈ ಹಾಕಬೇಡಿ, ಒಂದು ಹಲಗೆಯನ್ನೋ ದಪ್ಪ ಟವೆಲನ್ನೋ ಅಡ್ಡ ಇಡಿ. ಬೆಳ್ಳಿಯ ಕೂದಲನ್ನು ಬಿಡಿಸಿ ಚರ್ಮ ನೋಡಿ. ಇಷ್ಟು ದಟ್ಟ ಕೂದಲಿನ ಅಡಿಯಲ್ಲಿ ಕಚ್ಚಿದ ಗಾಯ ಕಾಣದೆ ಕೀವು ಕಟ್ಟುತ್ತದೆ. ಇನ್ನೊಮ್ಮೆ ಪಶುವೈದ್ಯರಿಗೂ ತೋರಿಸಬೇಕು. ತೂಕ ಇಳಿದದ್ದು ಭಯದಿಂದಲೋ ಹಲ್ಲಿನಿಂದಲೋ ಮನೆಯಲ್ಲಿ ಕೂತು ಹೇಳಲಾಗದು. ಬೂದಿಯನ್ನೂ ಕರೆದೊಯ್ಯಿರಿ ಎಂದೆ. ನೋವಿರುವ ಪ್ರಾಣಿಯೂ ಸಿಡುಕುತ್ತದೆ, ಅಲ್ವಾ?

ಆತ ಎಲ್ಲೋ ಕೇಳಿದ್ದ ಉಪಾಯ ಹೇಳಿದರು. ಎರಡನ್ನೂ ಇಕ್ಕಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಕಾರಿನಲ್ಲಿ ಸುತ್ತಿಸಿದರೆ ಹೆದರಿ ಅಂಟಿಕೊಳ್ಳುತ್ತವಂತೆ. ಅದನ್ನು ನಾನು ಒಪ್ಪುವುದಿಲ್ಲ. ಹೆದರಿ ಅಲುಗಾಡದೆ ಕೂತದ್ದು ಸ್ನೇಹವಲ್ಲ. ಮೇಲಾಗಿ ಇವುಗಳಿಗೆ 25 ಡಿಗ್ರಿ ದಾಟಿದ ಸೆಕೆಯೇ ಅಪಾಯ, ಇಕ್ಕಟ್ಟಿನಲ್ಲಿ ಇನ್ನೂ ಹೆಚ್ಚು.

ನಿಧಾನದ ದಾರಿ ಇದು. ಎರಡು ಪಂಜರ ಪಕ್ಕಪಕ್ಕ, ನಡುವೆ ನಾಲ್ಕು ಬೆರಳಿಗಿಂತ ಹೆಚ್ಚು ಜಾಗ, ಸರಳಿನಿಂದ ಕಾಲ್ಬೆರಳು ಕಚ್ಚಲು ಸಿಗಬಾರದು. ಇವು ಮೈ ಶುಚಿ ಮಾಡಿಕೊಳ್ಳುವುದು ನಯವಾದ ಧೂಳಿನಲ್ಲಿ ಹೊರಳಾಡಿ; ಒಂದು ಹೊರಳಾಡಿದ ಧೂಳಿನ ಬಟ್ಟಲನ್ನು ಇನ್ನೊಂದಕ್ಕೆ ಕೊಡಿ, ವಾಸನೆ ಪರಿಚಯವಾಗಲಿ. ಕೆಲವು ದಿನದ ಮೇಲೆ ಹಲಗೆಗಳನ್ನು, ಆಮೇಲೆ ಪಂಜರವನ್ನೇ ಅದಲುಬದಲು ಮಾಡಿ. ಎರಡೂ ಒಂದರ ಕಡೆಗೊಂದು ಬಂದು ನಿರಾಳವಾಗಿ ಮಲಗುವವರೆಗೆ ಭೇಟಿ ಬೇಡ. ಮೊದಲ ಭೇಟಿ ಎರಡಕ್ಕೂ ಹೊಸದಾದ ಜಾಗದಲ್ಲಿ, ಹತ್ತು ನಿಮಿಷ ಸಾಕು. ಚೆನ್ನಾಗಿರುವಾಗಲೇ ಮುಗಿಸಿ. ಬಾಯಲ್ಲಿ ಕೂದಲು ಕಂಡರೆ, ಉಂಡೆಯಾಗಿ ಉರುಳಿದರೆ, ಮೂಲೆಗೆ ಒತ್ತಿದರೆ ಅಲ್ಲಿಗೆ ನಿಲ್ಲಿಸಿ. ಮತ್ತೆ ಒಟ್ಟಿಗೆ ಇಡುವುದಾದರೆ ಪಂಜರ ತೊಳೆದು, ಹಲಗೆಗಳ ಜಾಗ ಬದಲಿಸಿ, ಹುಲ್ಲು ನೀರು ಎರಡೆರಡು ಕಡೆ, ಪೆಟ್ಟಿಗೆಗಳಿಗೆ ಎರಡೆರಡು ಬಾಗಿಲು.

"ಬೇರೆ ಇಟ್ಟರೆ ಒಂಟಿಯಾಗಲ್ವಾ?" ಎಂದು ಆಕೆ ಕೇಳಿದರು. ಪಕ್ಕದಲ್ಲೇ ಕಾಣುತ್ತವೆ, ಸದ್ದು ವಾಸನೆ ಎಲ್ಲ ಸಿಗುತ್ತದೆ. ಇವು ಹತ್ತು ಹದಿನೈದು ವರ್ಷ ಬದುಕುವ ಪ್ರಾಣಿ. ಅಷ್ಟು ಕಾಲ ಹೆದರಿ ಮೇಲಿನ ಹಲಗೆಯಲ್ಲಿ ಕೂರುವುದಕ್ಕಿಂತ ಪಕ್ಕದ ಪಂಜರ ಎಷ್ಟೋ ಒಳ್ಳೆಯದು ಎಂದೆ. ಮತ್ತೆ ರಕ್ತ ಬಂದರೆ ಒಟ್ಟಿಗಿಡುವ ಆಸೆ ಬಿಡಬೇಕು ಎಂದೂ ಅಂದೇ ಮಾತಾಯಿತು.

ಬೆಳ್ಳಿಯ ದವಡೆ ಹಲ್ಲಿನಲ್ಲಿ ಮತ್ತೆ ಚೂಪು ಬೆಳೆದಿತ್ತು, ಅದನ್ನು ಸರಿ ಮಾಡಿಸಿದರು. ಬೇರೆ ಇಟ್ಟ ಮೇಲೆ ತೂಕವೂ ಏರಿತು. ಹೊಸ ಜಾಗದ ಭೇಟಿಗಳು ಚೆನ್ನಾಗಿಯೇ ನಡೆದವು. ಪಂಜರ ಸೇರಿಸಿದ ಮೇಲೆ ಬೂದಿ ಕಿವಿ ಕಚ್ಚಿ ರಕ್ತ ಬರಿಸಿತು. ಅಲ್ಲಿಗೆ ನಿಲ್ಲಿಸಿದರು, ಈಗ ಪಕ್ಕಪಕ್ಕದ ಪಂಜರಗಳಲ್ಲಿವೆ. ಬೆಳ್ಳಿಗೆ ಜೊತೆಯಾಗಿ ಮೂರನೆಯದನ್ನು ತರಬಹುದಾ ಎಂದು ಆತ ಫೋನ್ ಮಾಡಿದ್ದರು. ಈಗ ಬೇಡ ಎಂದೆ. ಬೆಳ್ಳಿಯ ಹಲ್ಲು, ತೂಕ ಮೊದಲು ಒಂದು ಹದಕ್ಕೆ ಬರಲಿ. ಹೊಸದನ್ನು ತಂದರೂ ಕೆಲವು ವಾರ ಬೇರೆ ಕೋಣೆಯಲ್ಲಿಟ್ಟು, ಧೂಳಿನ ಬಟ್ಟಲಿನಿಂದಲೇ ಮತ್ತೆ ಶುರು ಮಾಡಬೇಕು. ಅದೂ ಒಗ್ಗದಿದ್ದರೆ ಮೂರನೇ ಪಂಜರಕ್ಕೆ ಜಾಗ ಇದೆಯಾ ನೋಡಿಕೊಳ್ಳಿ ಎಂದೆ.